ಗಿಡಗಳೇ ನೋಡಿಕೊಳ್ಳುವ ಮೀನಿನ ತೊಟ್ಟಿ: ಮಣ್ಣು, ಮರಳು, ಸಿಲಿಂಡರ್ – ನಿಮ್ಮ ಮನೆಗೆ ಯಾವುದು?

ಮೀನಿನ ತೊಟ್ಟಿ ಇಡಬೇಕು ಅಂತ ಅಂಗಡಿಗೆ ಹೋದರೆ ಮೊದಲು ತೋರಿಸುವುದು ಮೀನು. ಆಮೇಲೆ ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಗುಳ್ಳೆ ಬಿಡುವ ಬೊಂಬೆ. ಎಲ್ಲವನ್ನೂ ತಂದು ಜೋಡಿಸಿದ ಮೇಲೂ ಮುಖ್ಯವಾದ ಪ್ರಶ್ನೆ ಹಾಗೇ ಉಳಿದಿರುತ್ತದೆ. ಇದರೊಳಗಿನ ಕೊಳೆಯನ್ನು ತೆಗೆಯುವವರು ಯಾರು?

ಮೀನು ಉಸಿರಾಡುವಾಗಲೇ ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಹಿಕ್ಕೆಯಿಂದ, ಮಿಕ್ಕ ಆಹಾರದಿಂದ, ಕೊಳೆತ ಎಲೆಯಿಂದಲೂ ಅದೇ ಅಮೋನಿಯಾ ಬರುತ್ತದೆ. ಹೊಳೆಯಲ್ಲಿ ಅದು ಹರಿದುಹೋಗುತ್ತದೆ. ಗಾಜಿನ ತೊಟ್ಟಿಯಲ್ಲಿ ಅಲ್ಲೇ ನಿಂತು ಮೀನಿಗೆ ವಿಷವಾಗುತ್ತದೆ. ಅದನ್ನು ತೆಗೆಯುವವರು ಮೂವರು. ಒಂದು, ಬಕೆಟ್ ಹಿಡಿದು ನೀರು ಬದಲಿಸುವ ನೀವು. ಎರಡು, ಫಿಲ್ಟರ್‌ನ ಸ್ಪಂಜಿನಲ್ಲಿ, ಕಲ್ಲು ಮರಳಿನ ಮೈಮೇಲೆ ಕೂತಿರುವ ಬ್ಯಾಕ್ಟೀರಿಯಾ. ಇವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ಆದರೆ ದಿನದಿನಕ್ಕೆ ಜಮೆಯಾಗುತ್ತಾ ಹೋಗುತ್ತದೆ. ಮೂರು, ಗಿಡ. ನೀರಿನ ಗಿಡಗಳಲ್ಲಿ ಹೆಚ್ಚಿನವು ಅಮೋನಿಯಾ ರೂಪದ ಸಾರಜನಕವನ್ನೇ ಮೊದಲು ಹೀರುತ್ತವೆ, ನೈಟ್ರೇಟ್ ಆಮೇಲೆ. ಅಂದರೆ ಮೀನಿಗೆ ವಿಷವಾದದ್ದು ಗಿಡಕ್ಕೆ ನೇರವಾಗಿ ಊಟ. ಬೆಳೆದ ಗಿಡವನ್ನು ಕತ್ತರಿಸಿ ಹೊರಗೆ ಹಾಕಿದಿರಿ ಅಂದರೆ ಕೊಳೆಯನ್ನೇ ಹೊರಗೆ ಹಾಕಿದ ಹಾಗೆ.

ಯಾವ ರೀತಿಯ ತೊಟ್ಟಿ ಆರಿಸಿದರೂ ಈ ಮೂವರೂ ಇರುತ್ತಾರೆ. ವ್ಯತ್ಯಾಸ ಇರುವುದು ಯಾರ ಮೇಲೆ ಎಷ್ಟು ಭಾರ ಬೀಳುತ್ತದೆ ಅನ್ನುವುದರಲ್ಲಿ. ಮುಂದಿನ ಹೋಲಿಕೆಯೆಲ್ಲ ಈ ಒಂದು ಪ್ರಶ್ನೆ ಇಟ್ಟುಕೊಂಡೇ ಮಾಡಿದ್ದೇನೆ.

ಮೂರು ದಾರಿ

ಮೊದಲನೆಯದು ಸಿಲಿಂಡರ್ ದಾರಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ರೆಗ್ಯುಲೇಟರ್, ನೀರಿಗೆ ಸಣ್ಣ ಗುಳ್ಳೆ ಬಿಡುವ ಡಿಫ್ಯೂಸರ್, ಜೋರಾದ ಎಲ್‌ಇಡಿ ದೀಪ, ತೊಟ್ಟಿಯ ಹೊರಗಿಡುವ ದೊಡ್ಡ ಕ್ಯಾನಿಸ್ಟರ್ ಫಿಲ್ಟರ್, ಕಂಪನಿಯ ಸುಟ್ಟ ಮಣ್ಣಿನ ಗುಂಡುಗಳು, ಮೇಲೆ ದ್ರವ ಗೊಬ್ಬರ. ಜಪಾನಿನ ತಕಾಶಿ ಅಮಾನೊ ಜಗತ್ತಿಗೆಲ್ಲ ಪರಿಚಯಿಸಿದ ಬೆಟ್ಟ, ಹುಲ್ಲುಗಾವಲಿನ ಹಾಗೆ ಕಾಣುವ ತೊಟ್ಟಿಗಳು ಹೆಚ್ಚಾಗಿ ಈ ಬಗೆಯವು. ನೋಡಲು ಇದಕ್ಕಿಂತ ಚೆಂದದ್ದು ಬೇರೆ ಇಲ್ಲ. ನೆಲಕ್ಕೆ ಅಂಟಿ ಹರಡುವ ಸಣ್ಣ ಎಲೆಯ ಗಿಡ, ಕಡುಗೆಂಪು ರೊಟಾಲಾ ಗಿಡ ಬೇಕು ಅಂದರೆ ಇದೇ ಸರಿಯಾದ ದಾರಿ. ಆದರೆ ಇಲ್ಲಿ ಎಲ್ಲವೂ ಬೇಗ ನಡೆಯುತ್ತದೆ. ಗಿಡ ಬೇಗ ಬೆಳೆಯುತ್ತದೆ, ಗೊಬ್ಬರ ಬೇಗ ಮುಗಿಯುತ್ತದೆ, ಒಂದು ಏರುಪೇರಾದರೆ ಪಾಚಿಯೂ ಅಷ್ಟೇ ಬೇಗ ಬರುತ್ತದೆ. ಪ್ರತಿ ವಾರ ಅರ್ಧದಷ್ಟು ನೀರು ಬದಲಿಸುವುದು ಈ ದಾರಿಯಲ್ಲಿ ರೂಢಿ. ಸಾಮಾನ್ಯವಾಗಿ ಲೀಟರಿಗೆ 30 ಮಿಲಿಗ್ರಾಂ ಆಸುಪಾಸು ಕಾರ್ಬನ್ ಡೈಆಕ್ಸೈಡ್ ಇರುವ ಹಾಗೆ ನೋಡಿಕೊಳ್ಳುತ್ತಾರೆ. ರೆಗ್ಯುಲೇಟರ್ ಕೈಕೊಟ್ಟು ಅದು ಜಾಸ್ತಿಯಾದರೆ ಮೀನು ಉಸಿರುಗಟ್ಟಿ ಸಾಯುತ್ತವೆ. ಇದನ್ನು ಬೇಡ ಅನ್ನುತ್ತಿಲ್ಲ. ವಾರಕ್ಕೊಂದು ಅರ್ಧ ದಿನ ಕೊಡಲು ಖುಷಿ ಇರುವವರಿಗೆ ಇದು ದೊಡ್ಡ ಕಲೆ. ಆದರೆ ತಾನಾಗಿ ಸಮತೋಲನಕ್ಕೆ ಬರುವ ತೊಟ್ಟಿ ಇದಲ್ಲ. ಇಲ್ಲಿ ಸಮತೋಲನವನ್ನು ಹಿಡಿದು ನಿಲ್ಲಿಸುವವರು ನೀವು.

ಎರಡನೆಯದು ಮರಳು ದಾರಿ. ಕೆಳಗೆ ಬರೀ ತೊಳೆದ ಮರಳು ಅಥವಾ ಸಣ್ಣ ಜಲ್ಲಿ. ಒಂದು ಸ್ಪಂಜ್ ಫಿಲ್ಟರ್, ಸಾಧಾರಣ ದೀಪ. ಮರದ ತುಂಡಿಗೋ ಕಲ್ಲಿಗೋ ಕಟ್ಟಿದ ಅನುಬಿಯಾಸ್, ಜಾವಾ ಫರ್ನ್, ಜಾವಾ ಮಾಸ್ ಗಿಡಗಳು. ಬೇರು ಬಿಡುವ ಗಿಡ ಬೇಕಾದರೆ ಅದರ ಬುಡಕ್ಕೆ ಗೊಬ್ಬರದ ಗುಳಿಗೆ ಚುಚ್ಚುವುದು. ಇದು ಸುಲಭ ಮತ್ತು ಸ್ವಚ್ಛ. ಗಿಡ ಸ್ಥಳ ಬದಲಿಸಬೇಕು ಅನಿಸಿದರೆ ಕಿತ್ತು ಇನ್ನೊಂದು ಕಡೆ ಇಡಬಹುದು, ನೀರು ಕದಡುವುದಿಲ್ಲ. ಕೊರತೆ ಏನೆಂದರೆ ಈ ಗಿಡಗಳು ತೀರಾ ನಿಧಾನ. ಅನುಬಿಯಾಸ್ ಒಂದು ಹೊಸ ಎಲೆ ಬಿಡಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ಅಷ್ಟು ನಿಧಾನವಾಗಿ ಬೆಳೆಯುವ ಗಿಡ ಎಷ್ಟು ಕೊಳೆ ಹೀರೀತು? ಹಾಗಾಗಿ ಇಲ್ಲಿ ಭಾರವೆಲ್ಲ ಫಿಲ್ಟರ್ ಬ್ಯಾಕ್ಟೀರಿಯಾದ ಮೇಲೆ, ಉಳಿದ ನೈಟ್ರೇಟ್ ನಿಮ್ಮ ಬಕೆಟ್ಟಿನ ಮೇಲೆ.

ಮೂರನೆಯದು ಮಣ್ಣಿನ ದಾರಿ. ತಳದಲ್ಲಿ ಒಂದು ಇಂಚು ಸಾದಾ ಮಣ್ಣು, ಮೇಲೆ ಒಂದು ಇಂಚು ದಪ್ಪ ಮರಳಿನ ಮುಚ್ಚಿಗೆ, ಮೊದಲ ದಿನವೇ ತೊಟ್ಟಿ ತುಂಬ ಗಿಡ. ಅಮೆರಿಕದ ಡಯಾನಾ ವಾಲ್‌ಸ್ಟಡ್ ಇದರ ಹಿಂದಿನ ವಿಜ್ಞಾನವನ್ನು 1999ರಲ್ಲಿ ವಿವರವಾಗಿ ಬರೆದ ಮೇಲೆ ಹವ್ಯಾಸಿಗಳು ಇದನ್ನು ವಾಲ್‌ಸ್ಟಡ್ ವಿಧಾನ ಅಂತಲೇ ಕರೆಯುತ್ತಾರೆ. ಮಣ್ಣಿನೊಳಗಿನ ಸಾವಯವ ಅಂಶ ನಿಧಾನವಾಗಿ ಕೊಳೆಯುತ್ತದೆ, ಆಗ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಸಿಲಿಂಡರ್ ಮಾಡುವ ಕೆಲಸದ ಒಂದು ಪಾಲನ್ನು ಮಣ್ಣು ಪುಕ್ಕಟೆಯಾಗಿ ಮಾಡುತ್ತದೆ. ಕಬ್ಬಿಣ, ರಂಜಕ ಎಲ್ಲ ಬೇರಿಗೆ ಅಲ್ಲೇ ಸಿಗುತ್ತದೆ. ಗಿಡ ಹುಲುಸಾಗಿ ಬೆಳೆದು ಅಮೋನಿಯಾ ಹೀರುತ್ತದೆ. ಮೀನಿಗೆ ಹಾಕುವ ಆಹಾರವೇ ಕೊನೆಗೆ ಗಿಡಕ್ಕೆ ಗೊಬ್ಬರ. ಮೊದಲ ಎರಡು ತಿಂಗಳು ಸ್ವಲ್ಪ ಗಲಾಟೆ ಇರುತ್ತದೆ. ನೀರು ಚಹಾ ಬಣ್ಣಕ್ಕೆ ತಿರುಗಬಹುದು, ಗಾಜಿಗೆ ಕಂದು ಪಾಚಿ ಹಿಡಿಯಬಹುದು, ಅಮೋನಿಯಾ ಏರಬಹುದು. ಅದು ದಾಟಿದ ಮೇಲೆ ಇಷ್ಟು ನೆಮ್ಮದಿ ಕೊಡುವ ತೊಟ್ಟಿ ಇನ್ನೊಂದಿಲ್ಲ.

ನನ್ನ ತೂಕ ಮೂರನೆಯದರ ಕಡೆ. ಅದಕ್ಕೆ ಕಾರಣ ಬರೀ ಖರ್ಚು ಕಡಿಮೆ ಅನ್ನುವುದಲ್ಲ. ನಮ್ಮ ಊರುಗಳಲ್ಲಿ ಕರೆಂಟು ಹೋಗುತ್ತದೆ, ಅಲ್ವಾ? ಸಿಲಿಂಡರ್ ತೊಟ್ಟಿ ಮತ್ತು ಮರಳಿನ ತೊಟ್ಟಿ ಎರಡೂ ಮೋಟರಿನ ಮೇಲೆ ನಿಂತಿವೆ. ನಾಲ್ಕೈದು ಗಂಟೆ ಫಿಲ್ಟರ್ ನಿಂತರೆ ಅದರೊಳಗಿನ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಸಾಲದೆ ಹೋಗುತ್ತದೆ. ಮಣ್ಣಿನ ತೊಟ್ಟಿಯಲ್ಲಿ ಮೀನು ಕಡಿಮೆ ಇದ್ದರೆ ಅದು ಗಮನಕ್ಕೂ ಬರುವುದಿಲ್ಲ.

ಆದರೂ ಎಲ್ಲರಿಗೂ ಮಣ್ಣೇ ಸರಿ ಅಂತ ಹೇಳಲಾರೆ. ಬಾಡಿಗೆ ಮನೆಯಲ್ಲಿದ್ದು ವರ್ಷ ವರ್ಷ ಮನೆ ಬದಲಿಸುವವರು ಮರಳು ದಾರಿ ಹಿಡಿಯಿರಿ. ಮಣ್ಣಿನ ತೊಟ್ಟಿಯನ್ನು ಸಾಗಿಸುವುದು ಅಂದರೆ ಪೂರ್ತಿ ಬಿಚ್ಚಿ ಮತ್ತೆ ಕಟ್ಟುವುದು. ಪದೇಪದೇ ಗಿಡ ಕಿತ್ತು ಹೊಸ ವಿನ್ಯಾಸ ಮಾಡುವ ಆಸೆ ಇರುವವರಿಗೂ ಮಣ್ಣು ಒಗ್ಗುವುದಿಲ್ಲ. ಬೇರು ಕಿತ್ತಾಗಲೆಲ್ಲ ಕೆಸರು ಏಳುತ್ತದೆ.

ಯಾವ ಮಣ್ಣು?

ಇಲ್ಲಿ ಎಡವಿದರೆ ಮುಂದಿನದೆಲ್ಲ ಕಷ್ಟ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹಳೇ ಮೈಸೂರು ಭಾಗದಲ್ಲಿ, ಬೆಂಗಳೂರಿನ ಸುತ್ತ ಸಿಗುವ ಕೆಂಪು ಮಣ್ಣು ಈ ಕೆಲಸಕ್ಕೆ ತುಂಬ ಒಳ್ಳೆಯದು. ಅದರ ಬಣ್ಣವೇ ಕಬ್ಬಿಣದ್ದು. ಜೇಡಿಯ ಅಂಶ ಇರುವುದರಿಂದ ಪೋಷಕಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಾವಯವ ಅಂಶ ಕಡಿಮೆ ಇರುವುದರಿಂದ ಕೊಳೆತು ನಾರುವ ಭಯವೂ ಕಡಿಮೆ. ಹತ್ತು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಮಾಗಿದ ಎರೆಗೊಬ್ಬರ ಅಥವಾ ಎಲೆಗೊಬ್ಬರ ಸೇರಿಸಿದರೆ ಸಾಕು. ಹೆಚ್ಚು ಹಾಕಿದರೆ ಗಿಡ ಚೆನ್ನಾಗಿ ಬರುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹೆಚ್ಚಾದ ಗೊಬ್ಬರ ನೀರಿಗೆ ಇಳಿದು ಪಾಚಿಗೆ ಹಬ್ಬವಾಗುತ್ತದೆ.

ಉತ್ತರ ಕರ್ನಾಟಕದವರು ಹೊಲದ ಕಪ್ಪು ಎರೆ ಮಣ್ಣು ಹಾಕಬಹುದಾ ಅಂತ ಕೇಳುತ್ತಾರೆ. ಬೇಡ ಅನ್ನುತ್ತೇನೆ. ಅದು ನೆನೆದರೆ ಉಬ್ಬುತ್ತದೆ, ಅಂಟಾಗಿ ಕೂತು ನೀರಾಡಲು ಬಿಡುವುದಿಲ್ಲ. ಸುಣ್ಣದ ಅಂಶವೂ ಅದರಲ್ಲಿ ಹೆಚ್ಚಾಗಿ ಇರುತ್ತದೆ. ಹೊಲದ ಮಣ್ಣಿನಲ್ಲಿ ರಸಗೊಬ್ಬರ, ಕೀಟನಾಶಕ ಉಳಿದಿರುವ ಸಾಧ್ಯತೆ ಬೇರೆ. ಕೆರೆಯ ಗೋಡು ಹಳ್ಳಿಯ ಕಡೆ ಗದ್ದೆಗೆ ಒಳ್ಳೆಯ ಗೊಬ್ಬರ. ಆದರೆ ನಗರದ ಕೆರೆಗೆ ಚರಂಡಿ ನೀರು ಸೇರಿರುತ್ತದೆ, ಅದನ್ನು ಮನೆಯೊಳಗೆ ತರಬೇಡಿ. ನರ್ಸರಿಯಲ್ಲಿ ಚೀಲ ತುಂಬಿ ಮಾರುವ ಮಿಶ್ರಣವೂ ಬೇಡ. ಅದರಲ್ಲಿ ಬೇವಿನ ಹಿಂಡಿ, ರಸಗೊಬ್ಬರದ ಹರಳು ಇರಬಹುದು. ತೆಂಗಿನ ನಾರಿನ ಪುಡಿ ತೇಲಿ ಮೇಲೆ ಬರುತ್ತದೆ. ಹಸಿ ಸಗಣಿಯಂತೂ ಕೂಡದು.

ಅಂಗಡಿಯ ಅಕ್ವಾ ಸಾಯಿಲ್, ಅಂದರೆ ಮೊದಲು ಹೇಳಿದ ಸುಟ್ಟ ಮಣ್ಣಿನ ಗುಂಡು, ಒಳ್ಳೆಯದೇ. ಗುಂಡುಗುಂಡಾಗಿರುತ್ತದೆ, ಕದಡುವುದಿಲ್ಲ, ನೀರಿನ ಪಿಎಚ್ (ಆಮ್ಲ, ಕ್ಷಾರದ ಅಳತೆ) ಸ್ವಲ್ಪ ಇಳಿಸುತ್ತದೆ. ಆದರೆ ಇವುಗಳಲ್ಲಿ ಹಲವು ಮೊದಲ ಕೆಲವು ವಾರ ತಾವೇ ಅಮೋನಿಯಾ ಬಿಡುತ್ತವೆ. ಬೆಲೆಯೂ ಜಾಸ್ತಿ. ಎರಡು ಅಡಿ ತೊಟ್ಟಿಗೆ ಅದನ್ನು ತುಂಬುವ ದುಡ್ಡಿನಲ್ಲಿ ಗಿಡ ಕೊಂಡರೆ ಹೆಚ್ಚು ಲಾಭ ಅಂತ ನನ್ನ ಅನಿಸಿಕೆ.

ಮಣ್ಣನ್ನು ಜರಡಿ ಹಿಡಿಯಿರಿ. ಬಕೆಟ್ಟಿನಲ್ಲಿ ನೆನೆಸಿ, ಮೇಲೆ ತೇಲಿದ ಕಸ ಕಡ್ಡಿ ಚೆಲ್ಲಿ. ಹೀಗೆ ಮೂರು ನಾಲ್ಕು ಸಲ ಮಾಡಿ. ಕೆಸರಿನ ಹದದಲ್ಲಿ ತೊಟ್ಟಿಗೆ ಹರಡಿ, ಮುಂದಿನ ಗಾಜಿನ ಹತ್ತಿರ ಎರಡು ಬೆರಳು ಜಾಗ ಬಿಡಿ. ಅಲ್ಲಿ ಮರಳು ಮಾತ್ರ ಬಂದರೆ ನೋಡಲು ಚೆಂದ, ಬೆಳಕು ಬಿದ್ದು ಮಣ್ಣಿಗೆ ಪಾಚಿ ಹಿಡಿಯುವುದೂ ತಪ್ಪುತ್ತದೆ.

ಮುಚ್ಚಿಗೆಗೆ ಎರಡು ಮೂರು ಮಿಲಿಮೀಟರಿನ ಕಾಳು ಇರುವ ಮರಳು ಬೇಕು. ತೀರಾ ನುಣ್ಣಗಿದ್ದರೆ ಬಿಗಿಯಾಗಿ ಕೂತು ಮಣ್ಣಿಗೆ ಉಸಿರಾಡಲು ಆಗುವುದಿಲ್ಲ. ಕಟ್ಟಡದ ಎಂ ಸ್ಯಾಂಡ್‌ನಲ್ಲಿ ಕಲ್ಲಿನ ದೂಳು ಬಹಳ, ಅಂಚೂ ಚೂಪು. ನೀರು ಶುದ್ಧ ಮಾಡುವ ದೊಡ್ಡ ಫಿಲ್ಟರ್‌ಗಳಿಗೆ ಹಾಕುವ ಸಿಲಿಕಾ ಮರಳು ಗಾತ್ರದ ಪ್ರಕಾರ ಬೇರ್ಪಡಿಸಿ ಸಿಗುತ್ತದೆ, ಅದು ನನಗೆ ಇಷ್ಟ. ಯಾವ ಮರಳಾದರೂ ಒಂದು ಹಿಡಿ ತೆಗೆದು ಮೇಲೆ ವಿನೆಗರ್ ಹಾಕಿ ನೋಡಿ. ನೊರೆ ಬಂದರೆ ಸುಣ್ಣದಕಲ್ಲು ಅಥವಾ ಚಿಪ್ಪು ಸೇರಿದೆ, ನೀರನ್ನು ಗಡಸು ಮಾಡುತ್ತದೆ. ಅಮೃತಶಿಲೆಯ ಬಿಳಿ ಚೂರುಗಳೂ ಇದೇ ಗುಂಪು.

ಮಣ್ಣಿನಿಂದ ಆಗಾಗ ಗುಳ್ಳೆ ಏಳುವುದು ಸಹಜ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಾತ್ರ ತಳದಲ್ಲಿ ಆಮ್ಲಜನಕ ಪೂರ್ತಿ ಮುಗಿದಿದೆ ಅಂತ ಅರ್ಥ. ಒಂದು ತೆಳು ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ. ಬೇರು ಹರಡಿದ ಮೇಲೆ ಈ ತೊಂದರೆ ಕಡಿಮೆಯಾಗುತ್ತದೆ, ಯಾಕೆಂದರೆ ಬೇರುಗಳು ಆಮ್ಲಜನಕ ಬಿಡುತ್ತವೆ. ಮರಳಲ್ಲಿ ಬಿಲ ತೋಡುವ ಟ್ರಂಪೆಟ್ ಬಸವನಹುಳು ಇದ್ದರೆ ಇನ್ನೂ ಒಳ್ಳೆಯದು.

ಕಾವೇರಿ ನೀರು, ಬೋರ್ ನೀರು, ಆರ್‌ಒ ನೀರು

ಗಿಡ ಮೀನು ಆರಿಸುವ ಮುಂಚೆ ನಲ್ಲಿ ನೀರನ್ನು ತಿಳಿದುಕೊಳ್ಳಿ. ಇದು ಬಹಳ ಜನ ಉಲ್ಟಾ ಮಾಡುವ ಕೆಲಸ. ನೀರಿಗೆ ತಕ್ಕ ಜೀವ ತಂದರೆ ಅರ್ಧ ಸಮತೋಲನ ಅಲ್ಲೇ ಸಿಕ್ಕಿತು.

ಕಾವೇರಿ ನೀರು ಬೋರ್ ನೀರಿಗಿಂತ ಮೆದು. ಆದರೆ ಶುದ್ಧೀಕರಣದಲ್ಲಿ ಕ್ಲೋರಿನ್ ಹಾಕಿರುತ್ತಾರೆ. ಅದು ಮೀನಿನ ಕಿವಿರನ್ನೂ ಬ್ಯಾಕ್ಟೀರಿಯಾವನ್ನೂ ಸುಡುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ಹಗಲು ಒಂದು ರಾತ್ರಿ ಬಿಟ್ಟು ಬಳಸಿ. ಅವಸರ ಇದ್ದರೆ ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹನಿ ಹಾಕಿ.

ಬೋರ್ ನೀರಿನಲ್ಲಿ ಕ್ಲೋರಿನ್ ಇಲ್ಲ, ಆದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್ ತುಂಬಿರುತ್ತದೆ. ಪಿಎಚ್ ಹೆಚ್ಚಾಗಿ ಏಳೂವರೆ, ಎಂಟರ ಕಡೆ ಇರುತ್ತದೆ. ಇದರಲ್ಲಿ ಒಂದು ಅಪಾಯ ಅಡಗಿದೆ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ, ಒಂದು ಮಾತ್ರ ಕಡು ವಿಷ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ವಿಷದ ರೂಪ ಶೇಕಡ 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಶೇಕಡ 5ರ ಆಸುಪಾಸು. ಅಂದರೆ ಅಷ್ಟೇ ಕೊಳೆ ಬೋರ್ ನೀರಿನಲ್ಲಿ ಹಲವು ಪಟ್ಟು ಕೆಟ್ಟದ್ದು. ಹಾಗಾಗಿ ಬೋರ್ ನೀರಿನವರು ಬೇಗ ಬೆಳೆಯುವ ಗಿಡಗಳನ್ನು ಮೊದಲ ದಿನದಿಂದಲೇ ಹೆಚ್ಚು ಹಾಕಬೇಕು, ಮೀನನ್ನು ನಿಧಾನವಾಗಿ ತರಬೇಕು.

ಗಡಸು ನೀರಿಗೆ ಒಂದು ಒಳ್ಳೆಯ ಗುಣವೂ ಇದೆ. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ, ಹಾರ್ನ್‌ವರ್ಟ್ ಇಂಥ ಗಿಡಗಳಿಗೆ ಬೈಕಾರ್ಬನೇಟಿನಿಂದಲೇ ಇಂಗಾಲ ತೆಗೆದುಕೊಳ್ಳುವ ಶಕ್ತಿ ಇದೆ. ಸಿಲಿಂಡರ್ ಇಲ್ಲದೆ ಇವು ಬೋರ್ ನೀರಿನಲ್ಲಿ ಕಾಡಿನ ಹಾಗೆ ಬೆಳೆಯುತ್ತವೆ. ಗಪ್ಪಿ, ಮಾಲಿ, ಪ್ಲಾಟಿ ಮೀನುಗಳಿಗೂ ಗಡಸು ನೀರೇ ಹಿತ. ನಿಯಾನ್ ಟೆಟ್ರಾ ತಂದು ಬೋರ್ ನೀರಿಗೆ ಬಿಟ್ಟು ಅದು ಸೊರಗುವುದನ್ನು ನೋಡುವ ಬದಲು ಗಪ್ಪಿ ತನ್ನಿ.

ಬೆಂಗಳೂರಿನ ಅಪಾರ್ಟ್‌ಮೆಂಟಿನವರು ಇನ್ನೊಂದು ವಿಷಯ ಗಮನಿಸಬೇಕು. ಸಂಪಿನಲ್ಲಿ ಕಾವೇರಿಯೂ ಇರುತ್ತದೆ, ಟ್ಯಾಂಕರ್ ನೀರೂ ಇರುತ್ತದೆ. ಇವತ್ತಿನ ನೀರು ನಾಳೆ ಇಲ್ಲ. ನೀರಿನಲ್ಲಿ ಎಷ್ಟು ಲವಣ ಕರಗಿದೆ ಅಂತ ತೋರಿಸುವ ಒಂದು ಟಿಡಿಎಸ್ ಮೀಟರ್ ಇಟ್ಟುಕೊಂಡು ಪ್ರತಿ ಸಲ ನೀರು ಬದಲಿಸುವಾಗ ಅಳೆಯಿರಿ. ತುಂಬ ವ್ಯತ್ಯಾಸ ಇದ್ದರೆ ಸ್ವಲ್ಪ ಸ್ವಲ್ಪವೇ ಹಾಕಿ. ಕಟ್ಟಡಕ್ಕೆ ವಾಟರ್ ಸಾಫ್ಟನರ್ ಇದ್ದರೆ ಆ ನೀರು ಗಿಡಕ್ಕೆ ಬೇಡ. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆ.

ಬರೀ ಆರ್‌ಒ ನೀರು ತುಂಬಿಸುವುದೂ ತಪ್ಪು. ಅದರಲ್ಲಿ ಖನಿಜ ತೀರಾ ಕಡಿಮೆ, ಗಿಡಕ್ಕೂ ಬಸವನಹುಳುವಿನ ಚಿಪ್ಪಿಗೂ ಸಾಲದು. ಆದರೆ ಆವಿಯಾದ ನೀರನ್ನು ತುಂಬಿಸಲು ಆರ್‌ಒ ನೀರು ಅಥವಾ ಮಳೆ ನೀರು ತುಂಬ ಒಳ್ಳೆಯದು. ನೀರು ಆವಿಯಾದಾಗ ಖನಿಜ ಹಿಂದೆಯೇ ಉಳಿಯುತ್ತದೆ. ಪ್ರತಿ ಸಲ ಬೋರ್ ನೀರೇ ತುಂಬಿಸಿದರೆ ಗಡಸುತನ ಏರುತ್ತಲೇ ಹೋಗುತ್ತದೆ. ಮುಂಗಾರಿನ ಮೊದಲ ನಾಲ್ಕೈದು ಮಳೆ ಬಿಟ್ಟು, ಚಾವಣಿ ತೊಳೆದುಹೋದ ಮೇಲೆ ಡ್ರಮ್ಮಿನಲ್ಲಿ ಹಿಡಿದಿಟ್ಟುಕೊಳ್ಳಿ.

ಕಿಟಕಿ ಬೆಳಕೋ, ದೀಪವೋ?

ಪೂರ್ವದ ಕಿಟಕಿಯ ಪಕ್ಕ ಎಳೆ ಬಿಸಿಲು ಒಂದೆರಡು ಗಂಟೆ ಬಿದ್ದರೆ ಅದಕ್ಕಿಂತ ಚೆಂದದ ಬೆಳಕಿಲ್ಲ. ಎಲೆಯ ಮೇಲೆ ಆಮ್ಲಜನಕದ ಸಣ್ಣ ಗುಳ್ಳೆಗಳು ಮಣಿಗಳಂತೆ ಕೂರುವುದನ್ನು ನೋಡುವುದೇ ಒಂದು ಸುಖ. ಪಶ್ಚಿಮದ ಕಿಟಕಿ ಬೇಡ. ಮಧ್ಯಾಹ್ನದ ಮೇಲಿನ ಬಿಸಿಲಿಗೆ ನೀರು ಕಾಯುತ್ತದೆ. ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 25 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 8.3 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5. ರಾಯಚೂರು, ಕಲಬುರಗಿ, ಕರಾವಳಿಯವರು ಬೇಸಿಗೆಯಲ್ಲಿ ಇದನ್ನು ಮರೆಯುವಂತಿಲ್ಲ. ಮೀನು ಕಡಿಮೆ ಇಡಿ, ನೀರಿನ ಮೇಲ್ಮೈ ಅಲುಗಾಡುವ ಹಾಗೆ ನೋಡಿಕೊಳ್ಳಿ. ಬೆಂಗಳೂರು, ಮೈಸೂರಿನ ಚಳಿಗೆ ಮನೆಯೊಳಗಿನ ತೊಟ್ಟಿಗೆ ಹೀಟರ್ ಬೇಕಾಗುವುದು ಅಪರೂಪ.

ದೀಪದ ಅನುಕೂಲ ಅಂದರೆ ಅದು ಹೇಳಿದಂತೆ ಕೇಳುತ್ತದೆ. ಎರಡು ಅಡಿ ತೊಟ್ಟಿಗೆ 15ರಿಂದ 20 ವ್ಯಾಟಿನ ಬಿಳಿ ಎಲ್‌ಇಡಿ, 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಆಸುಪಾಸಿನದು, ಮಣ್ಣಿನ ದಾರಿಗೆ ಧಾರಾಳವಾಯಿತು. ನೀಲಿ, ನೇರಳೆ ಬಣ್ಣದ ದೀಪಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಒಂದು ಟೈಮರ್ ಮಾತ್ರ ತಪ್ಪದೆ ಕೊಳ್ಳಿ. ಬೆಳಿಗ್ಗೆ ನಾಲ್ಕು ಗಂಟೆ ಕಾಲ ಬೆಳಕು, ಮಧ್ಯೆ ನಾಲ್ಕು ಗಂಟೆ ಬಿಡುವು, ಸಂಜೆ ಮತ್ತೆ ನಾಲ್ಕು ಗಂಟೆ. ಬಿಡುವಿನಲ್ಲಿ ಮಣ್ಣಿನಿಂದ ಬರುವ ಕಾರ್ಬನ್ ಡೈಆಕ್ಸೈಡ್ ಮತ್ತೆ ಕೂಡಿಕೊಳ್ಳುತ್ತದೆ, ಸಂಜೆ ಗಿಡ ಅದನ್ನು ಬಳಸುತ್ತದೆ. ಆಫೀಸಿನಿಂದ ಬಂದ ಮೇಲೆ ನೋಡಲು ಬೆಳಕೂ ಇರುತ್ತದೆ. ಪಾಚಿ ಜಾಸ್ತಿ ಆದರೆ ಮೊದಲು ಕಡಿಮೆ ಮಾಡಬೇಕಾದ್ದು ಈ ಗಂಟೆಗಳನ್ನು. ಔಷಧಿ ಹುಡುಕುವುದು ಬೇಡ.

ಫಿಲ್ಟರ್ ಬೇಕೇ ಬೇಕಾ?

ಮಣ್ಣಿನ ತೊಟ್ಟಿ ಫಿಲ್ಟರ್ ಇಲ್ಲದೆ ನಡೆಯುತ್ತದೆ, ನಿಜ. ಆದರೂ ಒಂದು ಸಣ್ಣ ಸ್ಪಂಜ್ ಫಿಲ್ಟರ್ ಇಡಿ ಅಂತಲೇ ನಾನು ಹೇಳುವುದು. ರಾತ್ರಿ ಗಿಡಗಳೂ ಆಮ್ಲಜನಕ ಬಳಸುತ್ತವೆ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಆಮ್ಲಜನಕದ ಕೊರತೆ. ಸ್ಪಂಜ್ ಫಿಲ್ಟರ್ ನಡೆಸುವ 5 ವ್ಯಾಟಿನ ಏರ್ ಪಂಪ್ ಹಗಲು ರಾತ್ರಿ ಓಡಿದರೂ ತಿಂಗಳಿಗೆ ನಾಲ್ಕು ಯೂನಿಟ್ ಕರೆಂಟು ಆಗುವುದಿಲ್ಲ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ. ನಲ್ಲಿಯ ಕೆಳಗೆ ಹಿಡಿದರೆ ಬ್ಯಾಕ್ಟೀರಿಯಾ ಸತ್ತುಹೋಗುತ್ತವೆ.

ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ: ಸೊಳ್ಳೆ. ಮೀನು ಬಿಡುವ ಮುಂಚಿನ ವಾರಗಳಲ್ಲಿ ನಿಂತ ನೀರು ಡೆಂಗಿ ಸೊಳ್ಳೆಗೆ ಮೊಟ್ಟೆ ಇಡುವ ಜಾಗ. ಪಂಪ್ ಹಾಕಿ ನೀರು ಅಲುಗಾಡಿಸಿ, ಮೇಲೆ ಬಲೆಯನ್ನೂ ಮುಚ್ಚಿ. ಮೀನು ಬಂದ ಮೇಲೆ ಮರಿಹುಳುಗಳನ್ನು ಅವೇ ತಿಂದು ಮುಗಿಸುತ್ತವೆ. ಇದಕ್ಕೆ ಸೇರಿದ ಮಾತು: ತೊಟ್ಟಿ ಇರುವ ಕೋಣೆಯಲ್ಲಿ ಸೊಳ್ಳೆ ಸ್ಪ್ರೇ, ಸೊಳ್ಳೆ ಬತ್ತಿ, ಲಿಕ್ವಿಡ್ ಬಳಸಬೇಡಿ. ಅದರಲ್ಲಿರುವ ಪೈರೆಥ್ರಾಯ್ಡ್ ಮೀನಿಗೂ ಸಿಗಡಿಗೂ ತುಂಬ ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಹಾಕುತ್ತದೆ ಅಂತ ನೆನಪಿರಲಿ.

ತೊಟ್ಟಿ ಎಷ್ಟು ದೊಡ್ಡದು?

ಉದ್ದ, ಅಗಲ, ಎತ್ತರ ಮೂರೂ ಒಂದು ಅಡಿ ಇರುವ ತೊಟ್ಟಿಗೆ 28 ಲೀಟರ್ ಹಿಡಿಯುತ್ತದೆ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ್ದಕ್ಕೆ 70 ಲೀಟರ್. ಮಣ್ಣು ಮರಳು ಕಳೆದರೆ 55ರಿಂದ 60 ಲೀಟರ್ ನೀರು ಉಳಿಯುತ್ತದೆ. ಹೊಸಬರು ಎರಡನೆಯದನ್ನೇ ತನ್ನಿ. ನೀರು ಹೆಚ್ಚಿದ್ದಷ್ಟೂ ಒಂದು ಮೀನು ಸತ್ತರೆ, ಒಂದು ದಿನ ಆಹಾರ ಹೆಚ್ಚಾದರೆ ತಡೆದುಕೊಳ್ಳುತ್ತದೆ. ಎಲ್ಲ ಸೇರಿ 100 ಕಿಲೋ ಹತ್ತಿರ ತೂಗುತ್ತದೆ, ಗಟ್ಟಿ ಸ್ಟ್ಯಾಂಡ್ ಬೇಕು, ಅಡಿಯಲ್ಲಿ ಥರ್ಮಾಕೋಲ್ ಹಾಳೆ. ಮೇಜಿನ ಮೇಲಿನ ದುಂಡು ಗಾಜಿನ ಬಟ್ಟಲು ಬೇಕೇ ಬೇಕು ಅಂದರೆ ಅದರಲ್ಲಿ ಗಿಡ, ಬಸವನಹುಳು ಮಾತ್ರ ಇಡಿ.

ಗಿಡ ಮೊದಲು

ಗಿಡಗಳಲ್ಲಿ ಎರಡು ಗುಂಪು ಮಾಡಿಕೊಳ್ಳಿ: ದುಡಿಯುವ ಗಿಡ, ನೋಡುವ ಗಿಡ. ಹೈಡ್ರಿಲ್ಲಾ, ಹಾರ್ನ್‌ವರ್ಟ್, ವಾಟರ್ ಸ್ಪ್ರೈಟ್, ವ್ಯಾಲಿಸ್ನೇರಿಯಾ ದುಡಿಯುವವು. ಮೊದಲ ದಿನ ಹಾಕುವ ಗಿಡದಲ್ಲಿ ಮುಕ್ಕಾಲು ಪಾಲು ಇವೇ ಇರಲಿ, ಮೇಲಿನಿಂದ ನೋಡಿದರೆ ಮರಳು ಅಷ್ಟಾಗಿ ಕಾಣಬಾರದು. ನೀರಿನ ಮೇಲೆ ತೇಲುವ ಅಂತರಗಂಗೆ, ಸಾಲ್ವಿನಿಯಾ ಇನ್ನೂ ಜೋರು. ಅವಕ್ಕೆ ಗಾಳಿಯಿಂದಲೇ ಕಾರ್ಬನ್ ಡೈಆಕ್ಸೈಡ್ ಸಿಗುವುದರಿಂದ ನೀರಿನ ಕೊಳೆಯನ್ನು ಭರದಿಂದ ಎಳೆಯುತ್ತವೆ. ಆದರೆ ಕೆಳಗಿನ ಗಿಡಕ್ಕೆ ನೆರಳು ಮಾಡುತ್ತವೆ, ಮೇಲ್ಮೈಯ ಮೂರನೇ ಒಂದು ಪಾಲು ದಾಟದಂತೆ ತೆಗೆಯುತ್ತಿರಿ.

ನೋಡುವ ಗಿಡಗಳಲ್ಲಿ ನನ್ನ ಪ್ರೀತಿ ಕ್ರಿಪ್ಟೋಕೊರೈನ್ ಮೇಲೆ. ಅದರ ಬಗೆಗಳಾದ ಸ್ಪೈರಾಲಿಸ್, ರೆಟ್ರೊಸ್ಪೈರಾಲಿಸ್ ಎರಡೂ ನಮ್ಮ ಪಶ್ಚಿಮಘಟ್ಟದ ಹೊಳೆಗಳವು. ಲಗೆನಾಂಡ್ರಾ ಕೂಡ ಅಲ್ಲಿಯದೇ. ನೆಟ್ಟ ಕೆಲವೇ ದಿನಕ್ಕೆ ಕ್ರಿಪ್ಟೋಕೊರೈನ್ ಎಲೆಯೆಲ್ಲ ಕರಗಿಹೋದರೆ ಕಿತ್ತು ಎಸೆಯಬೇಡಿ. ಬೇರು ಜೀವಂತ ಇರುತ್ತದೆ, ಹೊಸ ನೀರಿಗೆ ತಕ್ಕ ಎಲೆ ಮತ್ತೆ ಬರುತ್ತದೆ. ಇವನ್ನು ಬೆಳೆಸಿ ಮಾರುವವರಿಂದ ಕೊಳ್ಳಿ. ಕಾಡಿನ ಹೊಳೆಯಿಂದ ಕಿತ್ತು ತರುವುದು ಬೇಡ.

ಮೀನು ಕೊನೆಗೆ

ಮಣ್ಣಿನ ತೊಟ್ಟಿಗೆ ಗಿಡ ನೆಟ್ಟ ಮೂರು ನಾಲ್ಕು ವಾರದ ಮೇಲೆ, ಪರೀಕ್ಷೆಯ ಕಿಟ್‌ನಲ್ಲಿ ಅಮೋನಿಯಾ ಮತ್ತು ನೈಟ್ರೈಟ್ ಎರಡೂ ಸೊನ್ನೆ ತೋರಿಸಿದಾಗ ಮೀನು ತನ್ನಿ. ಗಿಡ ಕಡಿಮೆ ಇರುವ ಮರಳಿನ ತೊಟ್ಟಿಗೆ ಆರು ವಾರವೂ ಹಿಡಿಯಬಹುದು. ಮೊದಲು ಎರಡು ಮೂರು ಮೀನು, ಎರಡು ವಾರ ಬಿಟ್ಟು ಇನ್ನಷ್ಟು.

60 ಲೀಟರಿನ ಗಿಡದ ತೊಟ್ಟಿಗೆ ಎಂಟು ಹತ್ತು ಸಣ್ಣ ಮೀನು ಸಾಕು. ಗಪ್ಪಿ ಆದರೆ ಬರೀ ಗಂಡು ತನ್ನಿ, ಇಲ್ಲವಾದರೆ ಸಂಖ್ಯೆ ಕೈಮೀರುತ್ತದೆ. ಮೆದು ನೀರಿದ್ದರೆ ಒಂದು ಜೋಡಿ ಹನಿ ಗೌರಾಮಿ ಬಲು ಚೆಂದ. ಬೆಟ್ಟಾ ಒಂಟಿಯಾಗಿ ಸುಖವಾಗಿರುತ್ತದೆ. ಚೆರಿ ಸಿಗಡಿ, ಬಸವನಹುಳು ಪಾಚಿ ತಿನ್ನುತ್ತವೆ, ಸತ್ತ ಎಲೆ ಮುಗಿಸುತ್ತವೆ.

ಗೋಲ್ಡ್ ಫಿಶ್ ಗಿಡದ ತೊಟ್ಟಿಗೆ ಬೇಡವೇ ಬೇಡ. ಮಣ್ಣು ಬಗೆಯುತ್ತದೆ, ಗಿಡ ತಿನ್ನುತ್ತದೆ, ಕೊಳೆಯೂ ಬಹಳ. ಗಾಜು ಚೊಕ್ಕಟ ಮಾಡುತ್ತದೆ ಅಂತ ಮಾರುವ ಸಕ್ಕರ್ ಮೀನು ಬೆಳೆದು ಒಂದು ಅಡಿ ದಾಟುತ್ತದೆ. ಮಿಸ್ ಕೇರಳ ಅಂತ ಹೆಸರಾದ ಡೆನಿಸನ್ ಬಾರ್ಬ್ ಪಶ್ಚಿಮಘಟ್ಟದ ಸುಂದರಿ, ಅಳಿವಿನಂಚಿನಲ್ಲಿರುವ ಮೀನು. ಗುಂಪಾಗಿ ಈಜುವ ಅದಕ್ಕೆ ನಾಲ್ಕು ಅಡಿಯ ತೊಟ್ಟಿಯೇ ಬೇಕು. ಅಷ್ಟು ಜಾಗ ಇಲ್ಲದವರು ಕೊಳ್ಳಬೇಡಿ.

ಸಾಕಲಾಗದ ಮೀನನ್ನು, ಕತ್ತರಿಸಿದ ಗಿಡವನ್ನು ಕೆರೆಗೆ ಮಾತ್ರ ಬಿಡಬೇಡಿ. ಹೀಗೆ ಬಿಟ್ಟ ಸಕ್ಕರ್ ಮೀನು ದಕ್ಷಿಣ ಭಾರತದ ಎಷ್ಟೋ ಕೆರೆಗಳಲ್ಲಿ ಬೇರು ಬಿಟ್ಟಿದೆ. ಸಾಲ್ವಿನಿಯಾ ಒಂದು ಹಿಡಿ ಸಾಕು, ಕೆರೆಯನ್ನೇ ಮುಚ್ಚುತ್ತದೆ. ಮೀನನ್ನು ಅಂಗಡಿಗೆ ಅಥವಾ ಇನ್ನೊಬ್ಬ ಹವ್ಯಾಸಿಗೆ ಕೊಡಿ. ಗಿಡವನ್ನು ಒಣಗಿಸಿ ಹೂಕುಂಡಕ್ಕೆ ಹಾಕಿ.

ಊರಿಗೆ ಹೋಗುವಾಗ

ಮೂರು ದಾರಿಗಳ ವ್ಯತ್ಯಾಸ ಚೆನ್ನಾಗಿ ಗೊತ್ತಾಗುವುದು ಮನೆ ಬೀಗ ಹಾಕಿ ಹೊರಟಾಗ. ಸಿಲಿಂಡರ್ ತೊಟ್ಟಿಯವರು ಒಂದು ವಾರಕ್ಕೂ ಯೋಚಿಸಬೇಕು. ದೀಪ ಕಡಿಮೆ ಮಾಡಿ, ಗ್ಯಾಸ್ ಪೂರ್ತಿ ನಿಲ್ಲಿಸಿ, ಗೊಬ್ಬರ ನಿಲ್ಲಿಸಿ ಹೊರಡುವುದು ಕ್ಷೇಮ. ಮರಳಿನ ತೊಟ್ಟಿಯಲ್ಲಿ ಹೊರಡುವ ಎರಡು ದಿನ ಮೊದಲು ನೀರು ಬದಲಿಸಿ, ಕರೆಂಟು ಹೋದರೂ ನಡೆಯುವ ಬ್ಯಾಟರಿ ಪಂಪ್ ಇಡಿ. ಬೇರೂರಿದ ಮಣ್ಣಿನ ತೊಟ್ಟಿಗೆ ಟೈಮರಿನಲ್ಲಿ ಬೆಳಕನ್ನು ದಿನಕ್ಕೆ ಒಟ್ಟು ಆರು ಗಂಟೆ ಕಾಲಕ್ಕೆ ಇಳಿಸಿ, ನೀರು ಅಂಚಿನವರೆಗೆ ತುಂಬಿಸಿದರೆ ಆಯಿತು. ಬೆಳೆದ ಆರೋಗ್ಯವಂತ ಮೀನು ಒಂದು ವಾರ ಆಹಾರ ಇಲ್ಲದೆ ಇರಬಲ್ಲದು. ಗಿಡದ ತೊಟ್ಟಿಯಲ್ಲಿ ಪಾಚಿ, ಸಣ್ಣ ಹುಳು ಮೇಯುತ್ತಾ ಇರುತ್ತದೆ. ಅದಕ್ಕಿಂತ ಹೆಚ್ಚು ದಿನ ಹೋಗುವುದಾದರೆ ಪಕ್ಕದ ಮನೆಯವರಿಗೆ ಹೇಳಿ. ಆದರೆ ಆಹಾರದ ಡಬ್ಬ ಕೊಡಬೇಡಿ, ಪ್ರೀತಿಯಿಂದ ಜಾಸ್ತಿ ಹಾಕಿಬಿಡುತ್ತಾರೆ. ಎರಡು ದಿನಕ್ಕೊಂದರಂತೆ ಚಿಟಿಕೆ ಆಹಾರವನ್ನು ಕಾಗದದ ಪೊಟ್ಟಣ ಕಟ್ಟಿ, ಮೇಲೆ ವಾರದ ಹೆಸರು ಬರೆದು ತೊಟ್ಟಿಯ ಪಕ್ಕ ಇಡಿ. ಡಬ್ಬವನ್ನು ಬೀರುವಿನಲ್ಲಿ ಎತ್ತಿಡಿ.